ಎರಡು ಗಾಡಿ, ಎರಡು ಗಡಿಗೆ ಹಾಲು

ಗಡಹಿಂಗ್ಲಜದ ಪೇಟೆಯಲ್ಲಿ ಹಾರ್ನ್ ಕೇಳಿದರೆ ಅದು ಯಾರ ಕಾರು ಎಂದು ಮನೆಯೊಳಗೆ ಕೂತೇ ಹೇಳಬಹುದಾಗಿದ್ದ ಕಾಲ ಅದು. ಡಾಕ್ಟರರ ಗಾಡಿ ಕೆಮ್ಮಿದಂತೆ ಕೂಗುತ್ತಿತ್ತು, ವಕೀಲರದು ಎಮ್ಮೆ ಒದರಿದಂತೆ. ಬೇರೆ ಸದ್ದು ಕೇಳಿದರೆ ಪರ ಊರಿನ ಗಾಡಿ ಬಂತೆಂದೇ ಅರ್ಥ. ಮಕ್ಕಳೆಲ್ಲ ಕೈಯಲ್ಲಿದ್ದ ರೊಟ್ಟಿಯ ಸಮೇತ ಬೀದಿಗೆ ಓಡುತ್ತಿದ್ದೆವು. ಮುಂಬೈ ರಾಜ್ಯ ಒಡೆದು ಮಹಾರಾಷ್ಟ್ರವಾಗಿ ಹೆಚ್ಚು ದಿನವಾಗಿರಲಿಲ್ಲ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ನಮ್ಮದು ಬೆಲ್ಲ ಮತ್ತು ಒಣಮೆಣಸಿನಕಾಯಿಯ ಅಡತಿ ಅಂಗಡಿ. ರೈತರು ತಂದ ಮಾಲನ್ನು ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಸವಾಲು ಕೂಗಿ ಮಾರಿಸಿಕೊಡುತ್ತಿದ್ದರು. ಮನೆಯ ಮುಂಭಾಗವೇ ಅಂಗಡಿಯಾದ್ದರಿಂದ ನಮ್ಮ ಬಟ್ಟೆಗಳಿಗೆಲ್ಲ ಮೆಣಸಿನಕಾಯಿಯ ಘಾಟು ಹತ್ತಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂತವರು ಸೀನುತ್ತಿದ್ದರು.

ಹೋಳಿ ಮುಗಿದ ಮೇಲಿನ ಒಂದು ಸಂಜೆ ಎರಡು ದೊಡ್ಡ ಕಾರುಗಳು ಒಂದರ ಹಿಂದೆ ಒಂದು ಬಂದು ನಮ್ಮ ಮನೆಯ ಮುಂದೆಯೇ ನಿಂತವು. ನಾನು ಕಟ್ಟೆಯ ಮೇಲೆ ಗೆಳತಿಯರ ಜೊತೆ ಗಜಗ ಆಡುತ್ತಿದ್ದೆ. ಮೇಲೆ ಹಾರಿಸಿದ ಗಜಗವನ್ನು ಹಿಡಿಯುವುದು ಮರೆತುಹೋಯಿತು.

ಒಂದು ಕಪ್ಪು ಬಣ್ಣದ ಅಮೆರಿಕದ ಗಾಡಿ. ಕೊಲ್ಲಾಪುರದ ಒಂದು ಸರದಾರ ಮನೆತನದವರು ಮಾರಲು ತೆಗೆದದ್ದು. ಇನ್ನೊಂದು ಹಾಲಿನ ಕೆನೆಯ ಬಣ್ಣದ ವಿಲಾಯತಿ ಗಾಡಿ, ಇಚಲಕರಂಜಿಯ ಒಬ್ಬ ಗಿರಣಿ ಮಾಲಕರದು. ಕಂಪನಿಗಳ ಹೆಸರು ನಮ್ಮ ನಾಲಿಗೆಗೆ ಹೊರಳದ್ದರಿಂದ ಮನೆಯಲ್ಲಿ ಅವು ‘ಕರೀದು’ ಮತ್ತು ‘ಕೆನೀದು’ ಆದವು. ದೇಶೀ ಹೊಸ ಕಾರಿಗೆ ಹೆಸರು ಹಚ್ಚಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಸಂಸ್ಥಾನಗಳು ಹೋದ ಮೇಲೆ ದೊಡ್ಡ ಮನೆಗಳ ಪರದೇಶಿ ಕಾರುಗಳು ದಲಾಲರ ಕೈಗೆ ಬರುತ್ತಿದ್ದವು. ಎರಡನ್ನೂ ತಂದವನು ಕೊಲ್ಲಾಪುರದ ಒಬ್ಬನೇ ದಲಾಲ.

ಬೆಲ್ಲದ ವ್ಯಾಪಾರಿಗಳ ಮನೆಗೆ ರಾಜಮನೆತನದ ಕಾರು ಯಾಕೆ ಎಂದು ಓಣಿಯೇ ಕೇಳಿತು. ಅದು ಅಪ್ಪನ ಆಸೆಯಲ್ಲ. ಗಾಡಿ ಬೇಕೆಂದವಳು ಆಯಿ, ಅಂದರೆ ಅಪ್ಪನ ತಾಯಿ.

ಮುತ್ಯಾ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಆಯಿಯದು. ಅದಕ್ಕಿಂತ ದೊಡ್ಡ ಯಜಮಾನಿಕೆ ಆಕೆಗೆ ಓಣಿಯಲ್ಲಿತ್ತು. ಯಾರ ಮನೆಯಲ್ಲಿ ಹೆರಿಗೆಯ ನೋವು ಶುರುವಾದರೂ ಆಯಿಗೆ ಕರೆ ಬರುತ್ತಿತ್ತು. ಕರೆದವರು ಯಾವ ಜಾತಿ ಎಂದು ಕೇಳದೆ ಸೆರಗು ಸಿಕ್ಕಿಸಿ ಹೊರಡುತ್ತಿದ್ದಳು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನಾನು, ನನ್ನ ಅಣ್ಣ, ಕಾಕಾನ ಮಗ ಬಸು ಎಲ್ಲರೂ ನಮ್ಮ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಆ ಕೈಗೇ ಹುಟ್ಟಿದವರು.

ಆ ಕೋಣೆಯಲ್ಲೇ ನೀಲಾ ಅತ್ತಿಯೂ ಎರಡು ಸಲ ಹಡೆದಿದ್ದಳು. ಅತ್ತಿ ಅಪ್ಪನ ಒಬ್ಬಳೇ ತಂಗಿ. ಇಚಲಕರಂಜಿಗೆ ಹತ್ತಿದ ಕಬನೂರಿನಲ್ಲಿ ಮಾಗದ, ಅಂದರೆ ಮಗ್ಗದವರ, ಮನೆಗೆ ಕೊಟ್ಟಿತ್ತು. ಎರಡು ಸಲವೂ ಏಳನೇ ತಿಂಗಳಲ್ಲಿ ಕುಬಸ ಮಾಡಿ, ಸೀರೆ ಉಡಿಸಿ, ಎಸ್‌ಟಿ ಬಸ್ಸಿನಲ್ಲಿ ತವರಿಗೆ ಕರೆತಂದರು. ಎರಡು ಸಲವೂ ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ತೀರಿಕೊಂಡಿತು. ಎರಡನೆಯದನ್ನು ನಾನು ನೋಡಿದ್ದೇನೆ. ಗಂಡು. ಗಟ್ಟಿಯಾಗಿ ಅಳುತ್ತಿತ್ತು, ಚೆನ್ನಾಗಿ ಹಾಲು ಕುಡಿಯುತ್ತಿತ್ತು. ಒಂದು ಬೆಳಗ್ಗೆ ಅದು ಬಾಯಿ ತೆರೆಯಲಿಲ್ಲ. ಮುಟ್ಟಿದರೆ ಬೆನ್ನು ಬಿಲ್ಲಿನಂತೆ ಸೆಟೆಯುತ್ತಿತ್ತು. ನಮ್ಮನ್ನು ಪಕ್ಕದ ಮನೆಗೆ ಕಳಿಸಿದರು. ತಿರುಗಿ ಬಂದಾಗ ಕೋಣೆಯ ನೆಲ ಸಾರಿಸಿತ್ತು, ಅತ್ತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಈಗ ಅತ್ತಿ ಮೂರನೆಯ ಸಲ ಬಸುರಿ. ಕುಬಸದ ದಿನ ಗೊತ್ತುಮಾಡಲು ಆಯಿ ಹೇಳಿಕಳಿಸಿದಾಗ ಕಬನೂರಿನಿಂದ ಬಂದ ಉತ್ತರ: “ಈ ಸರ್ತೆ ಬಸ್ಸಿನ ಕುಲುಕಾಟ ತಡಕೊಳ್ಳೂದು ಆಗೂದಿಲ್ಲ. ಇಲ್ಲೇ ಹಡೀತೇನಿ.”

ಆಯಿ ಆ ಮಾತನ್ನು ಕೇಳಿ ಅಪ್ಪನನ್ನು ಕರೆದಳು.

“ಖರೇ ಐತಿ ಆಕಿ ಮಾತು. ತುಂಬಿದ ಬಸುರಿನ್ನ ಎರಡೂ ಸರ್ತೆ ಎಸ್ಟಿಯಾಗ ಕುಲುಕಿಸಿ ತಂದೇವಿ. ಹೊಟ್ಟ್ಯಾಗ ಕೂಸಿನ ನರಾ ಸಡ್ಲಾದ್ರ ಹುಟ್ಟಿದ ಮ್ಯಾಲ ಜಗ್ಗದ ಏನ ಮಾಡತಾವು? ನನಗ ಇಷ್ಟ ದಿವಸ ಹೊಳೀಲಿಲ್ಲ ನೋಡು.”

“ಬಾಡಿಗಿ ಟ್ಯಾಕ್ಸಿ ಮಾಡೂಣು ಬಿಡವ್ವಾ,” ಎಂದ ಅಪ್ಪ.

“ಬಾಡಿಗಿ ಗಾಡಿ ಹೊಡ್ಯಾಂವಗ ತಗ್ಗೇನು, ದಿನ್ನಿ ಏನು. ನಮ್ಮದ ಗಾಡಿ ಬೇಕು. ಅಲ್ಗಾಡದಂಥಾದ್ದು. ಹೋಗೂ ಮುಂದ ಕೂಸಿನ್ನೂ ಅದರಾಗ ಕಳಸೇನಿ.”

ಹೀಗೆ ಆ ಎರಡು ಗಾಡಿಗಳು ಬಂದವು.

ಮೊದಲು ಗಂಡಸರು ನೋಡಿದರು. ಕರೀದರ ಮೂತಿಗೆ ಬೆಳ್ಳಿಯ ಹಲ್ಲುಗಳಿದ್ದವು. ಒಳಗಿನ ಆಸನ ನಮ್ಮ ಅಂಗಡಿಯ ಗಾದಿಯಷ್ಟು ಅಗಲ, ಕೂತರೆ ಮೊಳಕೈವರೆಗೆ ಹೂತುಹೋಗುವಷ್ಟು ಮೆತ್ತಗೆ. ಗೇರಿನ ಕೋಲು ಸ್ಟೇರಿಂಗಿಗೇ ಅಂಟಿಕೊಂಡಿತ್ತು. ಕಿಟಕಿಗಳಿಗೆ ಪರದೆ. ಕೆನೀದು ಅದಕ್ಕಿಂತ ಗಿಡ್ಡ, ಆದರೆ ಒಳಗೆ ಹೊಳೆಯುವ ಕಟ್ಟಿಗೆಯ ಹಲಗೆ, ತೊಗಲಿನ ವಾಸನೆ. ಮುಂದಿನ ಆಸನದ ಬೆನ್ನಿನಲ್ಲಿ ಮಡಿಚುವ ಪುಟ್ಟ ಮೇಜು ಇತ್ತು. ಬಸು ಅದನ್ನು ಬಿಚ್ಚಿ ಮಡಿಚಿ, ಬಿಚ್ಚಿ ಮಡಿಚಿ, ಕಾಕಾನ ಕೈಯಲ್ಲಿ ಏಟು ತಿಂದ.

“ಕರೀದರ ಪಿಕಪ್ ನೋಡಣ್ಣಾ, ಕುದರಿ ಇದ್ದಂಗ,” ಎಂದ ಕಾಕಾ.

“ಕುದರಿ ಹುಲ್ಲು ತಿಂತೈತಿ. ಇದು ಪೆಟ್ರೋಲ್ ಕುಡಿತೈತಿ,” ಎಂದ ಅಪ್ಪ. “ಕೆನೀದು ನೋಡು, ಗಿರಣಿ ಮಾಲಕರ ಗಾಡಿ. ಮಿತವಾಗಿ ಇಟ್ಟಾರ.”

“ನಿನಗ ಗಾಡ್ಯಾಗೂ ಮಿತ ಬೇಕು, ಸಾರಿನಾಗೂ ಮಿತ ಬೇಕು.”

ದಲಾಲ ನೇರ ಆಯಿಯ ಕಡೆ ಬಂದ. ಒಂದು ಮಾತು ಮರಾಠಿ, ಒಂದು ಮಾತು ಕನ್ನಡ. “ಬಘಾ ಆಜಿ, ಪಾಲಖಿ ಆಹೆ ಪಾಲಖಿ. ಈ ಕರೀದರಾಗ ರಾಣಿಸಾಹೇಬರು ಕುಂತಲ್ಲೇ ನಿದ್ದಿ ಮಾಡತಿದ್ರು.”

“ರಾಣಿಸಾಹೇಬರು ಎಲ್ಲಿ ಕುಂತರೂ ನಿದ್ದಿ ಮಾಡ್ಯಾರು,” ಎಂದಳು ಆಯಿ. “ಅವರಿಗೇನ ನಸುಕಿನ್ಯಾಗ ಎದ್ದ ಎಮ್ಮಿ ಹಿಂಡೂದಿತ್ತೇನ್ರಿ?”

ಆಯಿ ಗಾಡಿಗಳ ಸುತ್ತ ಒಂದು ಸುತ್ತು ಹಾಕಿದಳು. ಎರಡರ ಬಾಗಿಲನ್ನೂ ತೆರೆದು ಆಸನವನ್ನು ಅಂಗೈಯಿಂದ ಒತ್ತಿ ನೋಡಿದಳು. ನಂತರ ತನ್ನ ಪರೀಕ್ಷೆಯನ್ನು ಹೇಳಿದಳು. ಮರುದಿನ ಬೆಳಗ್ಗೆ ಒಂದೇ ಎಮ್ಮೆಯ ಹಾಲು ಕಾಸಿ, ಎರಡು ಗಡಿಗೆಗೆ ಹಂಚಿ, ಎರಡಕ್ಕೂ ಅಷ್ಟಷ್ಟೇ ಹೆಪ್ಪು ಹಾಕುವುದು. ಒಂದೊಂದು ಗಾಡಿಯಲ್ಲಿ ಒಂದೊಂದು ಗಡಿಗೆ. ಎರಡೂ ಗಾಡಿ ಕಬನೂರಿನವರೆಗೆ ಹೋಗಬೇಕು. ಹೆಪ್ಪು ಹಾಕಿದ ಹಾಲು ಅಲುಗಾಡಿದರೆ ಮೊಸರಾಗುವುದಿಲ್ಲ, ಒಡೆದು ನೀರು ಬಿಡುತ್ತದೆ. ಯಾವ ಗಾಡಿಯಲ್ಲಿ ಮೊಸರು ಗಟ್ಟಿಯಾಗುತ್ತದೋ ಅದು ನಮ್ಮದು. ಅದೇ ಗಾಡಿಯಲ್ಲಿ ನೀಲಾ ಅತ್ತಿ ತವರಿಗೆ ಬರುತ್ತಾಳೆ.

ದಲಾಲ ನಗಲು ಹೋಗಿ, ಯಾರೂ ನಗದಿದ್ದನ್ನು ಕಂಡು ಸುಮ್ಮನಾದ. ಹೆಂಗಸರಿಗೆ ಅದು ಸರಿಯಾದ ಪರೀಕ್ಷೆ ಅನ್ನಿಸಿತು. ನನ್ನ ಅವ್ವ ಕೂಡ ತಲೆ ಆಡಿಸಿದಳು.

ಬೆಳಗ್ಗೆ ಕರೀದರಲ್ಲಿ ನಾನು ಮತ್ತು ಆಯಿ, ಕೆನೀದರಲ್ಲಿ ಕಾಕಾ, ಬಸು ಮತ್ತು ದಲಾಲ. ಗಡಿಗೆಯನ್ನು ಬಟ್ಟೆಯ ಸಿಂಬಿಯ ಮೇಲೆ ನನ್ನ ತೊಡೆಯಲ್ಲಿಟ್ಟು, ಬಾಯಿಗೆ ಅರಿವೆ ಕಟ್ಟಿ, ಆಯಿ ಹೇಳಿದಳು: “ಶಾಂತಾ, ನಿನ್ನ ತೊಡಿ ಈಗ ನಿಮ್ಮತ್ತಿ ಹೊಟ್ಟಿ ಅಂತ ತಿಳಿ.”

ಗಡಿಗೆ ಬೆಚ್ಚಗಿತ್ತು. ನನಗೆ ಒಂಬತ್ತು ವರ್ಷ. ಆ ಮಾತನ್ನು ನಾನು ಅಕ್ಷರಶಃ ತೆಗೆದುಕೊಂಡೆ. ಸಂಕೇಶ್ವರ ದಾಟುವವರೆಗೆ ಉಸಿರನ್ನೂ ಹಿಡಿದು ಹಿಡಿದು ಬಿಟ್ಟೆ. ಕರೀದು ಓಡುತ್ತಿರಲಿಲ್ಲ, ತೇಲುತ್ತಿತ್ತು. ಹೊರಗೆ ಕಬ್ಬಿನ ಹೊಲಗಳು, ಬೆಲ್ಲದ ಗಾಣದ ಹೊಗೆ. ಒಳಗೆ ಪೆಟ್ರೋಲು ಮತ್ತು ಯಾರದೋ ಹಳೆಯ ಅತ್ತರಿನ ವಾಸನೆ. ತಗ್ಗು ಬಂದಾಗಲೆಲ್ಲ ಆಯಿ ಚಾಲಕನಿಗೆ ಮೊದಲೇ ಹೇಳುತ್ತಿದ್ದಳು: “ತಮ್ಮಾ, ಮುಂದ ಕಲ್ಲು. ಕಣ್ಣಾಗ ಎಣ್ಣಿ ಬಿಟಗೊಂಡ ನೋಡು.” ಅವನು ಮರಾಠಿಯವನು, ಮಾತು ತಿಳಿಯದಿದ್ದರೂ ದನಿ ತಿಳಿಯುತ್ತಿತ್ತು.

ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತೆವು. ಕೆನೀದರಿಂದ ಬಸುವಿನ ಮುಖ ಕಾಣಿಸಿತು, ಅಳುವ ಹಾಗಿತ್ತು.

“ಆಯಿ, ನನಗ ಒಂದಕ್ಕ ಬಂದೈತಿ.”

“ಬರಲಿ. ಹೋಗು.”

“ಗಡಗಿ ಯಾರ ಹಿಡೀತಾರ?”

“ಬಸುರ ಹೆಣಮಗಳು ಹೊಟ್ಟಿ ಇಳಿಸಿಟ್ಟ ಹೋಗತಾಳೇನಲೇ?”

ಬಸು ಗಡಿಗೆಯನ್ನು ಎದೆಗೆ ಅವಚಿಕೊಂಡೇ ಒಂದು ಬೇವಿನ ಗಿಡದ ಹಿಂದೆ ಹೋದ. ಚಹಾದಂಗಡಿಯವರೆಲ್ಲ ನೋಡಿದರು. ಕಾಕಾ ನಗು ತಡೆಯಲಾರದೆ ಚಹಾ ಚೆಲ್ಲಿಕೊಂಡ. ಆಯಿಯೂ ನಕ್ಕಳು. ಆಕೆಯ ಮುಂದಿನ ಹಲ್ಲಿನ ಸಂದಿ ಕಾಣುವಂಥ ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಾಗಲದ ಹತ್ತಿರ ಹೆದ್ದಾರಿ ಬಿಟ್ಟು ಹೊರಳಿ, ಹಳ್ಳಿಯ ರಸ್ತೆಗಳ ಮೇಲೆ ಇನ್ನೂ ನಿಧಾನವಾಗಿ ಸಾಗಿ, ಮಧ್ಯಾಹ್ನದ ಹೊತ್ತಿಗೆ ಕಬನೂರು ಮುಟ್ಟಿದೆವು. ಮನೆಗಳು ಕಾಣುವ ಮೊದಲೇ ಮಾಗಗಳ ಸದ್ದು ಬಂತು. ಅಲ್ಲಿ ಮನೆಮನೆಗೆ ವಿದ್ಯುತ್ ಮಾಗ. ಹಗಲಿಡೀ ಖಟಖಟ. ಆ ಊರಿನವರು ಊಟಕ್ಕೂ ಕೂಗಿಯೇ ಕರೆಯುತ್ತಾರೆ. ಕಬನೂರಿನಲ್ಲಿ ದನಿ ಏರಿಸಿದರೆ ಅದು ಜಗಳವಲ್ಲ.

ಎರಡು ಕಾರುಗಳನ್ನು ಕಂಡು ಅತ್ತಿಯ ಅತ್ತೆ ಬಾಗಿಲಿಗೆ ಓಡಿ ಬಂದರು. ತೆಳ್ಳನೆಯ, ಹೆದರಿದಂತೆ ಕಾಣುವ ಹೆಂಗಸು. ಅವರೇ ಸೊಸೆಯನ್ನು ತಡೆಯುತ್ತಿದ್ದಾರೆಂದು ನಮ್ಮ ಮನೆಯಲ್ಲಿ ಒಳಗೊಳಗೆ ಎಲ್ಲರೂ ನಂಬಿದ್ದರು.

“ಹೇಳಾರದ ಬಂದೇವ್ರಿ ಬೀಗತ್ಯಾರ,” ಎಂದಳು ಆಯಿ. “ಮಗಳನ್ನ ಒಯ್ಯೂ ಗಾಡಿ ತೋರಸಾಕ ಬಂದೇವಿ. ಇನ್ನ ಮ್ಯಾಲ ಕುಲುಕಾಟದ ಮಾತ ಬ್ಯಾಡ.”

“ನಾ ಏನ ಬ್ಯಾಡ ಅಂದೇನ್ರಿ?” ಎಂದರು ಅವರು. “ನಾನ ಹೋಗವ್ವಾ ಅಂತ ಹೇಳಿದೆ.”

ಆಯಿ ಅದನ್ನು ಗಮನಿಸಲಿಲ್ಲ, ಅಥವಾ ನಂಬಲಿಲ್ಲ.

ಅಡುಗೆಮನೆಯಲ್ಲಿ ಗಡಿಗೆಗಳ ಅರಿವೆ ಬಿಚ್ಚಿದರು. ಬಸುವಿನದರಲ್ಲಿ ನೀರು ಒಂದು ಕಡೆ, ಚೂರು ಚೂರು ಮೊಸರು ಒಂದು ಕಡೆ. ನನ್ನದನ್ನು ಆಯಿ ಓರೆ ಮಾಡಿದಳು. ಮೊಸರು ಅಲುಗಲಿಲ್ಲ. ಮೇಲೆ ಬೆರಳು ತಾಗಿಸಿದಳು, ಗುರುತು ಬಿತ್ತು, ಒಡೆಯಲಿಲ್ಲ. ಕಾಕಾ ಹೊರಗೆ ಹೋಗಿ ದಲಾಲನಿಗೆ “ಕರೀದು” ಎಂದು ಕೂಗಿ ಹೇಳಿದ್ದು ಕೇಳಿಸಿತು. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ. ಗಡಿಗೆಯನ್ನು ಎತ್ತಿಕೊಂಡು ಅತ್ತಿಯನ್ನು ಹುಡುಕುತ್ತ ಓಡಿದೆ.

ಅತ್ತಿ ಮಾಗದ ಶೆಡ್ಡಿಗೆ ಹೊಂದಿದ ಪಡಸಾಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ತುಂಬಿದ ಹೊಟ್ಟೆ. ಕೂದಲಿಗೆಲ್ಲ ಹತ್ತಿಯ ಎಳೆ ಮೆತ್ತಿ ನರೆತವಳಂತೆ ಕಾಣುತ್ತಿದ್ದಳು. ನಾವು ಬಂದದ್ದು ಆಕೆಗೆ ಗೊತ್ತಾಗಿತ್ತು. ಆದರೂ ಎದ್ದು ಬಂದಿರಲಿಲ್ಲ.

“ಅತ್ತಿ, ಮಸರ ಆಗೈತಿ ನೋಡು,” ಎಂದು ನಾನು ಕೂಗಿದೆ. “ಎಲ್ಲೂ ಒಡದಿಲ್ಲ. ಈಗ ನೀ ಬರಬಹುದು.”

ಅತ್ತಿ ಗಡಿಗೆಯೊಳಗೆ ನೋಡಿದಳು. ಆಕೆಗೆ ಏನೆಂದು ತಿಳಿಯಲಿಲ್ಲ. ಹಿಂದೆಯೇ ಬಂದ ಆಯಿ ಎಲ್ಲವನ್ನೂ ಕೂಗಿ ಕೂಗಿ ವಿವರಿಸಿದಳು: ಎರಡು ಗಾಡಿ, ಒಂದೇ ಎಮ್ಮೆಯ ಹಾಲು, ಕರೀದರ ಗಾದಿ, ಪರದೆ. ಅತ್ತಿ ಕಂಡಿಕೆಯ ರಾಟಿ ನಿಲ್ಲಿಸಿದಳು.

“ಇದಕ್ಕಾಗಿ ಗಾಡಿ ತೊಗೊಳ್ಳಾಕತ್ತೀಯೇನವ್ವಾ?”

“ಮತ್ತ? ನೀನ ಹೇಳಿ ಕಳಿಸಿದೆಲ್ಲ, ಕುಲುಕಾಟ ಆಗೂದಿಲ್ಲ ಅಂತ.”

“ನಾ ಬರೂದಿಲ್ಲ.”

“ಯಾಕ? ಗಂಡನ್ನ ಬಿಟ್ಟ ಇರೂದು ಆಗವಲ್ಲದೇನು? ಅವನ್ನೂ ಹಿಂದಿನ ಸೀಟಿನ್ಯಾಗ ಹಾಕೊಂಡ ಬಾ, ಜಾಗಾ ಭಾಳ ಐತಿ.”

ಅತ್ತಿ ನಗಲಿಲ್ಲ. “ಗಾಡಿದಲ್ಲವ್ವಾ.”

“ಏನ? ಜೋರಾಗಿ ಹೇಳು.”

“ಗಾಡಿದೂ ಅಲ್ಲ, ಬಸ್ಸಿಂದೂ ಅಲ್ಲ. ಸುಮ್ಮನ ಅಂದಿದ್ದೆ. ಖರೇ ಹೇಳಾಕ ಬಾಯಿ ಬರಲಿಲ್ಲ.”

“ಕೇಳಸವಲ್ಲದು.”

ಅತ್ತಿ ಎದ್ದು ನಿಂತು, ಆಯಿಯ ಕಿವಿಯ ಹತ್ತಿರ ಬಾಗಿ, ಎಲ್ಲ ಬಲ ಹಾಕಿ ಕೂಗಿದಳು. “ಹಾದ್ಯಾಗ ಏನೂ ಆಗಿಲ್ಲ. ಎರಡೂ ಕೂಸು ಚಂದಾಗಿ ಹುಟ್ಟಿದ್ದವು. ಹಾಲ ಕುಡದಿದ್ದವು. ದವಾಖಾನಿ ನರ್ಸಬಾಯಿ ಕೇಳಿದ್ರು, ಹೊಕ್ಕಳ ಹುರಿ ಎದರಿಂದ ಕೊಯ್ದ್ರಿ, ಮ್ಯಾಲ ಏನ ಹಚ್ಚಿದ್ರಿ ಅಂತ. ನಾ ಹೇಳಿದೆ. ಅದರಿಂದನ ಸೆಟಿಬ್ಯಾನಿ ಆಗೂದಂತ. ನಿನ್ನ ಕುಡಗೋಲು, ನಿನ್ನ ಬೂದಿ. ಅವ್ವಾ, ನನ್ನ ಕೂಸು ಸತ್ತದ್ದು ನಿನ್ನ ಕೈಲೆ.”

ಆ ಕೊನೆಯ ಮಾತಿನ ನಡುವೆ ಕರೆಂಟ್ ಹೋಯಿತು. ಇಚಲಕರಂಜಿಯ ಕಡೆ ಅದು ಆಗಾಗ ಆಗುವಂಥದ್ದೇ. ಮಾಗಗಳೆಲ್ಲ ಒಂದೇ ಸಲಕ್ಕೆ ನಿಂತವು. “ನಿನ್ನ ಕೈಲೆ” ಎಂಬುದು ಆ ಮೌನದಲ್ಲಿ ಇಡೀ ಮನೆಗೆ, ಬಾಗಿಲಲ್ಲಿದ್ದ ಕಾಕಾನಿಗೆ, ಶೆಡ್ಡಿನ ನೇಕಾರರಿಗೆ, ಬಹುಶಃ ಬೀದಿಗೂ ಕೇಳಿಸಿತು.

ಅತ್ತಿ ತನ್ನ ದನಿಗೆ ತಾನೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆಯಿಗೆ ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಸಾಮಾನ್ಯ ದನಿಯಲ್ಲಿ, ಬೆಲ್ಲದ ದರ ಕೇಳಿದಂತೆ ಕೇಳಿದಳು: “ಬೂದಿ ಬೆಂಕ್ಯಾಗ ಸುಟ್ಟದ್ದಲ್ಲೇನು. ಸುಟ್ಟದ್ದರಾಗ ಏನ ಹೊಲಸ ಇರತೈತಿ?”

“ಸುಟ್ಟ ಮ್ಯಾಲ ಎಲ್ಲಿ ಇಡತಿದ್ದಿ ಅವ್ವಾ? ದನದ ಕೊಟ್ಟಗಿ ಮಾಡದಾಗ.”

ಅದು ನಿಜ. ಕುಳ್ಳಿನ ಬೂದಿಯನ್ನು ಜರಡಿ ಹಿಡಿದು, ಮಡಕೆಯಲ್ಲಿ ತುಂಬಿ, ಎಮ್ಮೆ ಕಟ್ಟುವ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಹೆರಿಗೆಯ ಕುಡಗೋಲೂ ಅಲ್ಲೇ ಸಿಕ್ಕಿಸಿರುತ್ತಿತ್ತು. ಮಕ್ಕಳು ಮುಟ್ಟಬಾರದೆಂದು ಅಷ್ಟು ಜೋಪಾನ.

ಆಯಿ ನನ್ನ ಭುಜ ಹಿಡಿದು ಮುಂದಕ್ಕೆ ಎಳೆದಳು. “ಇಕಿಗೂ ಅದ ಬೂದಿ ಹಚ್ಚೇನಿ. ಬಸೂಗೂ ಅದ ಹಚ್ಚೇನಿ. ಇಕಿ ನಿಂತಾಳಲ್ಲ ಇಲ್ಲಿ.”

“ಇಕಿ ಉಳದಾಳ,” ಎಂದಳು ಅತ್ತಿ. “ನನ್ನವು ಉಳೀಲಿಲ್ಲ.”

ನನ್ನ ಕೈಯಲ್ಲಿ ಇನ್ನೂ ಗಡಿಗೆಯಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಬೀಗತಿ ಬಂದು ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಆಯಿಯ ಕೈ ಹಿಡಿದು ಗೋಡೆಗೆ ಒರಗಿಸಿ ಕೂರಿಸಿದರು. “ಯಾರಿಗೆ ಗೊತ್ತಿತ್ರಿ ಬೀಗತ್ಯಾರ. ನಾನೂ ನನ್ನ ಮಕ್ಕಳಿಗೆ ಅದನ ಹಚ್ಚೇನಿ,” ಎಂದರು. ಆಯಿ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದಳು. ಅಷ್ಟರಲ್ಲಿ ಕರೆಂಟ್ ಬಂತು. ಮಾಗಗಳು ಒಂದೊಂದಾಗಿ ಶುರುವಾದವು. ಮತ್ತೆ ಯಾರ ಮಾತೂ ಯಾರಿಗೂ ಕೇಳದಂತಾಯಿತು.

ಹೊರಗೆ ದಲಾಲ ಅವಸರ ಮಾಡುತ್ತಿದ್ದ. ಕಾಕಾ ಬಿಳಿಚಿಕೊಂಡು ನಿಂತಿದ್ದ. ಆಯಿ ಹೊರಗೆ ಬಂದು ನೇರ ಕಾಕಾನಿಗೆ ಹೇಳಿದಳು.

“ಕರೀದು ತೊಗೊ.”

“ಅಕ್ಕ ಬರೂದಿಲ್ಲಲ್ಲವ್ವಾ. ಮತ್ತ ಗಾಡಿ ಎದಕ್ಕ?”

“ಗಾಡಿ ನಮ್ಮನಿಗೆ ಬ್ಯಾಡ. ಇಲ್ಲೇ ನಿಂದರ್ಲಿ, ಆಕಿ ಬಾಗಲಾಗ. ಡ್ರಾಯವ್ಹರನ್ನೂ ಇಡು. ನೋವು ಸುರುವಾದ ಕೂಡ್ಲೆ ಕೊಲ್ಲಾಪುರದ ದೊಡ್ಡ ದವಾಖಾನಿಗೆ ಒಯ್ಯಬೇಕು.” ಸ್ವಲ್ಪ ತಡೆದು, “ಅಲ್ಗಾಡಸದ ಒಯ್ಯಾಕ ಹೇಳು,” ಎಂದಳು. ಆ ನಂಬಿಕೆಯೊಂದು ಇನ್ನೂ ಪೂರ್ತಿ ಹೋಗಿರಲಿಲ್ಲ.

ಕಾಕಾ ಕಾಗದಪತ್ರಕ್ಕಾಗಿ ಬಸುವನ್ನು ಕರೆದುಕೊಂಡು ಕೊಲ್ಲಾಪುರಕ್ಕೆ ಹೋದ. ಕೆನೀದರಲ್ಲಿ ನಿಮ್ಮನ್ನು ಊರಿಗೆ ಮುಟ್ಟಿಸುತ್ತೇನೆ ಎಂದು ದಲಾಲ ಅಂದ. ಆಯಿ ಒಲ್ಲೆ ಎಂದಳು. ನನ್ನನ್ನು ಕರೆದುಕೊಂಡು ಎಸ್‌ಟಿ ಹತ್ತಿದಳು.

ಬಸ್ಸು ತುಂಬಿತ್ತು. ಹಿಂದಿನ ಸೀಟು ಸಿಕ್ಕಿತು. ರಸ್ತೆಯ ಪ್ರತಿ ಕಲ್ಲು ಬೆನ್ನಿಗೆ ಬಡಿಯಿತು. ಎದುರಿನ ಸೀಟಿನಲ್ಲಿ ಹೊಟ್ಟೆ ಕಾಣುವಷ್ಟು ಬಸುರಿಯಾದ ಒಬ್ಬ ಹುಡುಗಿ ಕಿಟಕಿಯ ಸರಳಿಗೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದಳು. ಬಸ್ಸು ಎತ್ತಿ ಹಾಕಿದಾಗಲೆಲ್ಲ ಆಕೆಯ ತಲೆ ಸರಳಿಗೆ ಬಡಿಯುತ್ತಿತ್ತು, ಆದರೂ ಏಳುತ್ತಿರಲಿಲ್ಲ. ಆಯಿ ನಿಪ್ಪಾಣಿಯವರೆಗೆ ಅವಳನ್ನೇ ನೋಡಿದಳು. ನಾನು ಲಂಗದ ಮೇಲಿಂದ ಹೊಕ್ಕಳಿಗೆ ಕೈ ಇಟ್ಟುಕೊಂಡು ಕೂತಿದ್ದೆ. ಅಲ್ಲಿ ಏನೋ ಇನ್ನೂ ಇದೆ ಎಂಬ ಹೆದರಿಕೆ.

“ಆಯಿ, ಮತ್ತ ನಾ ಹೆಂಗ ಉಳದ್ನಿ?”

ಆಯಿಗೆ ಗೊತ್ತಿಲ್ಲದ ಸಂಗತಿ ಆವರೆಗೆ ಯಾವುದೂ ಇರಲಿಲ್ಲ. ಹಲ್ಲು ಬಿದ್ದರೆ ಎಲ್ಲಿ ಎಸೆಯಬೇಕು, ಮೋಡ ಯಾವ ಕಡೆಯಿಂದ ಬಂದರೆ ಮೆಣಸಿನಕಾಯಿ ತೆಗೆಯಬೇಕು, ಎಲ್ಲಕ್ಕೂ ಅವಳ ಹತ್ತಿರ ಉತ್ತರವಿತ್ತು.

“ಗೊತ್ತಿಲ್ಲವ್ವಾ,” ಎಂದಳು.

ಮಳೆಗಾಲದ ಆರಂಭದಲ್ಲಿ ಅತ್ತಿ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಹಡೆದಳು. ನಾವೆಲ್ಲ ನೋಡಲು ಹೋದೆವು. ಡೆಟಾಲಿನ ವಾಸನೆಯ ಉದ್ದನೆಯ ಕೋಣೆ, ಬಿಳಿ ಹಾಸಿಗೆಗಳು. ನರ್ಸು ಕೂಸನ್ನು ತಂದು ಆಯಿಯ ಮುಂದೆ ಹಿಡಿದಳು. ಆಯಿ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ತೊಗೊ ಅವ್ವಾ,” ಎಂದಳು ಅತ್ತಿ ಹಾಸಿಗೆಯಿಂದ.

“ಹೆಸರಿಡೂ ತನಕ ಬ್ಯಾಡ,” ಎಂದಳು ಆಯಿ.

ಆ ಕೂಸು ಉಳಿಯಿತು. ತೊಟ್ಟಿಲ ದಿನ ಆಯಿ ಅದನ್ನು ಮೊದಲ ಸಲ ಎತ್ತಿಕೊಂಡಳು. ಇಷ್ಟಕ್ಕೆ ಇದು ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ.

ಆ ವರ್ಷ ಶ್ರಾವಣದಿಂದ ದೀಪಾವಳಿಯವರೆಗೆ ಆಯಿ ಮಧ್ಯಾಹ್ನದ ಊಟವಾದ ಮೇಲೆ ಮನೆಯಲ್ಲಿ ಇರುತ್ತಿರಲಿಲ್ಲ. ಓಣಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತಿದ್ದಳು. ಎಷ್ಟೋ ಸಲ ನಾನೂ ಜೊತೆಗಿದ್ದೆ. ತಾನು ಹೆರಿಗೆ ಮಾಡಿಸಿ, ಆಮೇಲೆ ಕೂಸು ಹೋದ ಮನೆಗಳಿಗೆ ಮಾತ್ರ ಅವಳು ಹೋಗುತ್ತಿದ್ದುದು ಎಂದು ನನಗೆ ತಿಳಿಯಲು ಕೆಲವು ದಿನ ಹಿಡಿಯಿತು. ಕೂತು, ಎಲೆಅಡಿಕೆ ಹಾಕಿಕೊಂಡು, ಬೇರೆ ಮಾತಾಡಿ, ಏಳುವಾಗ ಕೇಳುತ್ತಿದ್ದಳು.

“ನಿನ್ನ ಮೊದಲನೇದು ಹೆಂಗ ಹೋತವ್ವಾ? ಸೆಟೀತಿತ್ತೇನು? ಹಾಲ ಬಿಟ್ಟಿತ್ತೇನು?”

ಕೆಲವರು ನೆನಪಿಲ್ಲ ಅಂದರು. ಕೆಲವರು ಹೌದು ಅಂದರು. ಕುಂಬಾರರ ಓಣಿಯ ಒಬ್ಬ ಮುದುಕಿ, ಇಷ್ಟು ವರ್ಷದ ಮೇಲೆ ತನ್ನ ಕೂಸನ್ನು ಕೇಳಲು ಒಬ್ಬರಾದರೂ ಬಂದರಲ್ಲ ಎಂದು ಆಯಿಯ ಕಾಲು ಮುಟ್ಟಿದಳು. ಆಯಿ ಕಾಲು ಎಳೆದುಕೊಂಡಳು. ಯಾಕೆ ಕೇಳುತ್ತಿದ್ದೇನೆ ಎಂದು ಆಕೆ ಯಾರಿಗೂ ಹೇಳಲಿಲ್ಲ. ನಾನು ಕೂಡ ಹೇಳಲಿಲ್ಲ. ಆಮೇಲೆ ಯಾರಾದರೂ ಹೆರಿಗೆಗೆ ಕರೆಯಲು ಬಂದರೆ ಬಾಗಿಲಲ್ಲೇ ಹೇಳುತ್ತಿದ್ದಳು: “ದವಾಖಾನಿಗೆ ಒಯ್ರಿ.” ಅದನ್ನು ಅಹಂಕಾರ ಎಂದುಕೊಂಡವರಿದ್ದರು. ಮನೆಯಲ್ಲಿ ಗಾಡಿ ಕೊಂಡರಲ್ಲ, ಈಗ ಬಡವರ ಮನೆ ಬೇಡ ಎಂದು ಆಡಿಕೊಂಡರು.

ನಮ್ಮ ಹಿಂದಿನ ಕೋಣೆಗೆ ಆಮೇಲೆ ಮೆಣಸಿನಕಾಯಿಯ ಚೀಲ ಬಂದವು. ಬಾಣಂತಿಯ ಸ್ನಾನದ ನೀರಿನ ಹೊಗೆ, ಅಜವಾನ, ಬೆಳ್ಳುಳ್ಳಿ, ಅಂಟಿನುಂಡೆಗೆ ತುಪ್ಪ ಕಾಯುವ ವಾಸನೆ, ಇವುಗಳಲ್ಲಿ ಯಾವುದೂ ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಅವು ಹೋದದ್ದಕ್ಕೆ ನನಗೆ ದುಃಖವಿಲ್ಲ ಎಂದು ಹೇಳಬೇಕು, ಪೂರ್ತಿ ನಿಜವಲ್ಲದಿದ್ದರೂ. ಜಾತಿ ಕೇಳದೆ ಬಂದು, ಏನೂ ಕೇಳದೆ ಹೋಗುತ್ತಿದ್ದ ಒಬ್ಬಳು ಹೆಂಗಸು ಓಣಿಗೆ ಇದ್ದಳು. ನಂತರ ಇರಲಿಲ್ಲ.

ನನಗೆ ಹೆಚ್ಚು ಕಾಡುವುದು ಬೇರೆ. ಆ ಕೂಸುಗಳಿಗೆ ಹೆಸರಿರಲಿಲ್ಲ. ಹೆಸರಿಲ್ಲದ್ದನ್ನು ಯಾವ ಕಚೇರಿಯಲ್ಲೂ ಬರೆಸುತ್ತಿರಲಿಲ್ಲ. ಹೊಲದ ಬದುವಿನಲ್ಲಿ ಹೂಳಿ, ಮೇಲೆ ಒಂದು ಮುಳ್ಳುಕಂಟಿ ಎಳೆದು ಬರುತ್ತಿದ್ದರು. ಯಾವುದು ಯಾರ ಮನೆಯದು, ಗಂಡೋ ಹೆಣ್ಣೋ, ಎಷ್ಟು ದಿನ ಹಾಲು ಕುಡಿಯಿತು, ಇದೆಲ್ಲ ಒಂದೆಡೆ ಇದ್ದದ್ದು ಆಯಿಯ ತಲೆಯಲ್ಲಿ ಮಾತ್ರ. ನಾನು ಅದನ್ನು ಕೇಳಿ ಬರೆದುಕೊಳ್ಳುವಷ್ಟು ದೊಡ್ಡವಳಾಗುವ ಮೊದಲೇ ಆಯಿ ಹೋದಳು. ಕೊನೆಯ ದಿನಗಳಲ್ಲಿ ಮಾತು ನಿಂತಿತ್ತು. ತುಟಿ ಮಾತ್ರ ಅಲುಗುತ್ತಿತ್ತು, ಮನೆಯಿಂದ ಮನೆಗೆ ಹೋಗುವವಳ ಹಾಗೆ ನಡುನಡುವೆ ತಡೆದು, ಮತ್ತೆ ಮುಂದೆ. ಅವ್ವ ಅದನ್ನು ಜಪ ಎಂದುಕೊಂಡಳು.